ಊರಿನ ಹಳೇ ಛತ್ರದ ಚರಿತ್ರೆ ಹುಡುಕುವ ಬಗೆ

ಛತ್ರ ಕಟ್ಟಿಸಿದವರ ಹೆಸರು ಊರಿಗೆ ಮರೆತುಹೋಗಿರಬಹುದು. ಅದಕ್ಕೆ ಬಿಟ್ಟ ಜಮೀನಿನ ಸುಳಿವು ಮಾತ್ರ ಕಂದಾಯದ ದಫ್ತರದಲ್ಲಿ ಎಲ್ಲೋ ಒಂದು ಕಡೆ ಉಳಿದಿರುತ್ತದೆ. ದಾರಿಹೋಕರಿಗೆ ಅನ್ನ ಹಾಕುವುದೆಂದರೆ ವರ್ಷವಿಡೀ ಅಕ್ಕಿ, ಸೌದೆ, ಎಣ್ಣೆ, ಅಡಿಗೆಯವರ ಸಂಬಳ. ಇದಕ್ಕೆಲ್ಲ ಆಧಾರ ಇನಾಂ ಜಮೀನು, ಅಂದರೆ ಇಂಥ ಕೆಲಸಕ್ಕೆಂದು ದಾನವಾಗಿ ಬಿಟ್ಟ ಜಮೀನು. ಹಾಗಾಗಿ ಹಳೇ ಮೈಸೂರು ಸೀಮೆಯಲ್ಲಿ ಈ ಕೆಲಸಕ್ಕೆ ಇಳಿದವರು ಕಂಬ, ಬೋದಿಗೆ ನೋಡುತ್ತಾ ನಿಲ್ಲುವ ಮೊದಲು ಜಮೀನಿನ ಬೆನ್ನು ಹತ್ತುವುದು ಲೇಸು.

ಮೊದಲು ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ) ತೆಗೆಸಿ. ಕಟ್ಟಡ ಗ್ರಾಮಠಾಣಾದೊಳಗಿದ್ದರೆ, ಅಂದರೆ ಊರಿನ ವಾಸದ ಜಾಗದೊಳಗಿದ್ದರೆ, ಅದಕ್ಕೆ ಪಹಣಿ ಸಿಗದು. ಪಂಚಾಯಿತಿಯ ಖಾತೆಯಲ್ಲಿ ಹುಡುಕಬೇಕು. ಊರಾಚೆ ಇದ್ದರೆ ಸರ್ವೆ ನಂಬರಿನೊಳಗೇ ‘ಬ’ ಖರಾಬು (ಸಾಗುವಳಿಗೆ ಸೇರದ ಜಾಗ) ಎಂದು ಸಾರ್ವಜನಿಕ ಬಳಕೆಗೆ ಬಿಟ್ಟಿರಬಹುದು. ಕಂಪ್ಯೂಟರ್ ಪಹಣಿ ಈಗಿನ ಖಾತೆದಾರರ ಹೆಸರು ಹೇಳುತ್ತದೆ, ಹಿಂದಿನದನ್ನಲ್ಲ. ಅದಕ್ಕೆ ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ಆರ್‌.ಆರ್. (ರೆಕಾರ್ಡ್ ಆಫ್ ರೈಟ್ಸ್, ಹಕ್ಕು ದಾಖಲೆ) ಪುಸ್ತಕಗಳ ದೃಢೀಕೃತ ನಕಲು ಕೇಳಿ. ‘ಛತ್ರದ ಇನಾಂ’, ‘ಧರ್ಮಾದಾಯ’ ಎಂಬಂಥ ಷರಾ ಕಣ್ಣಿಗೆ ಬಿತ್ತೆಂದರೆ ಅರ್ಧ ಕೆಲಸ ಆದಂತೆ.

ದಾರ ಕಡಿಯುವುದು ಬಹುತೇಕ 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯ್ದೆಯ ಹತ್ತಿರ. ಅದರಡಿ ಇನಾಂ ಜಮೀನು ಸರ್ಕಾರಕ್ಕೆ ಸೇರಿ, ಉಳುತ್ತಿದ್ದವರ ಹೆಸರಿಗೆ ಖಾತೆಯಾಯಿತು. ಸಂಸ್ಥೆಗಳಿಗೆ ಅದರ ಬದಲು ಸರ್ಕಾರ ವರ್ಷ ವರ್ಷ ಕೊಡುವ ತಸ್ತೀಕು ಹಣ ನಿಗದಿಯಾಯಿತು. ಆದ್ದರಿಂದ ಆ ಸರ್ವೆ ನಂಬರಿನ ಇನಾಂ ಆದೇಶವನ್ನೂ ಮುಜರಾಯಿ ಶಾಖೆಯ ತಸ್ತೀಕು ಕಡತವನ್ನೂ ಒಟ್ಟಿಗೆ ಕೇಳಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ‘ಛತ್ರದ ಎಲ್ಲಾ ದಾಖಲೆ ಕೊಡಿ’ ಎಂದು ಬರೆದರೆ ‘ಲಭ್ಯವಿಲ್ಲ’ ಎಂಬ ಹಿಂಬರಹ ಗ್ಯಾರಂಟಿ. ಗ್ರಾಮ, ಹೋಬಳಿ, ಸರ್ವೆ ನಂಬರು, ಯಾವ ಇಸವಿಯಿಂದ ಯಾವ ಇಸವಿವರೆಗೆ ಎಂಬುದನ್ನು ಬಿಡಿಸಿ ಬರೆಯಿರಿ. ಒಂದು ಎಚ್ಚರಿಕೆ: ನೀವು ಹುಡುಕುತ್ತಿರುವ ಜಮೀನನ್ನು ಇವತ್ತು ಯಾರೋ ಉಳುತ್ತಿರುತ್ತಾರೆ. ಚರಿತ್ರೆಗೆಂದು ಹೇಳದೆ ಕಾಗದ ತೆಗೆಸಲು ಓಡಾಡಿದರೆ ಊರಲ್ಲಿ ವ್ಯಾಜ್ಯದ ಗುಮಾನಿ ಹುಟ್ಟಿ, ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ.

ಶಾಸನವಿದ್ದರೆ ಅದೃಷ್ಟ. ತಂತಿ ಬ್ರಷ್, ಆಸಿಡ್, ಎಣ್ಣೆ ಬಣ್ಣ ಯಾವುದೂ ಬೇಡ. ನೀರು, ಮೆತ್ತನೆಯ ನೈಲಾನ್ ಬ್ರಷ್ ಸಾಕು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಹೆಚ್ಚುಕಡಿಮೆ ಒರಗಿಸಿದಂತೆ ಪಕ್ಕದಿಂದ ಹಿಡಿದು, ನಾಲ್ಕೂ ದಿಕ್ಕಿನಿಂದ ಒಂದೊಂದು ಫೋಟೋ ತೆಗೆಯಿರಿ. ಹಗಲಲ್ಲಿ ಕಾಣದ ಅಕ್ಷರ ನೆರಳಿನಿಂದ ಎದ್ದು ಬರುತ್ತದೆ. ಇದೇ ಕಲ್ಲನ್ನು ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್ ಕಾಲದಲ್ಲೇ ಓದಿ, ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳಲ್ಲಿ ಅಚ್ಚು ಹಾಕಿರಬಹುದು. ಆ ಸಂಪುಟಗಳೊಳಗೆ ಶಾಸನಗಳು ತಾಲ್ಲೂಕುವಾರು ಇವೆ, ಅದೂ ಆಗಿನ ತಾಲ್ಲೂಕು. ಕೆ. ಆರ್. ನಗರದ ಕಡೆಯದನ್ನು ಯೆಡತೊರೆಯಲ್ಲಿ ಹುಡುಕಬೇಕು.

ಕಾಲ ಲೆಕ್ಕ ಹಾಕುವಾಗ ಶಕ ವರ್ಷಕ್ಕೆ 78 ಕೂಡಿಸಿ. ಪುಷ್ಯದ ಕೊನೆ, ಮಾಘ, ಫಾಲ್ಗುಣವಾದರೆ 79. ಸಂವತ್ಸರದೊಂದಿಗೆ ತಾಳೆ ನೋಡಲು ಶಕಕ್ಕೆ 12 ಸೇರಿಸಿ 60ರಿಂದ ಭಾಗಿಸಿದರೆ ಉಳಿದ ಶೇಷವೇ 60 ಸಂವತ್ಸರಗಳಲ್ಲಿ ಮೊದಲನೆಯದಾದ ಪ್ರಭವದಿಂದ ಎಣಿಸಿದ ಸಂಖ್ಯೆ. ಶೇಷ ಸೊನ್ನೆಯಾದರೆ ಅಕ್ಷಯ. ಶಕ 1745 ಎಂದಿದ್ದರೆ ಶೇಷ 17, ಅಂದರೆ ಸ್ವಭಾನು, 1823–24. ಕಲ್ಲಿನಲ್ಲಿ ಬರೀ ‘ಸ್ವಭಾನು’ ಎಂದಿದ್ದರೆ 1823 ಆಗಬಹುದು, 1883 ಆಗಬಹುದು, 1943 ಕೂಡ. ಲಿಪಿ, ದೊರೆಯ ಹೆಸರು, ನಾಣ್ಯ ನೋಡದೆ ಒಂದನ್ನು ಆರಿಸಿಕೊಳ್ಳಬೇಡಿ. ಧಾನ್ಯದ ಲೆಕ್ಕದಲ್ಲಿ 20 ಕೊಳಗಕ್ಕೆ ಒಂದು ಖಂಡುಗ. ಕೊಳಗದ ಅಳತೆ ಊರಿಂದೂರಿಗೆ ಬೇರೆ, ಸೇರು, ಕೆಜಿಗೆ ತಿರುಗಿಸುವ ಆತುರ ಬೇಡ.

ಕಟ್ಟಡವನ್ನು ಅಂಕಣ (ಕಂಬ ಕಂಬಗಳ ನಡುವಿನ ಜಾಗ) ಲೆಕ್ಕದಲ್ಲಿ ಅಳೆದು ಜಗಲಿ, ಪಡಸಾಲೆ, ಅಡಿಗೆಮನೆ, ಬಾವಿ ಗುರುತಿಸಿ. ಮಂಗಳೂರು ಹೆಂಚು ಕಂಡರೆ ಆ ಮಾಡು 1865ರ ನಂತರದ್ದು, ಬಾಸೆಲ್ ಮಿಷನ್ ಕಾರ್ಖಾನೆ ಶುರುವಾದದ್ದೇ ಆಗ. ಆದರೆ ನಾಡಹೆಂಚು ತೆಗೆದು ಮಂಗಳೂರು ಹೆಂಚು ಹೊದಿಸುವುದು ಮಾಮೂಲಿ. ಗೋಡೆ ಅದಕ್ಕಿಂತ ಹಳೆಯದಿರಬಹುದು.

ದಾರಿಯನ್ನೂ ನೋಡಿ. ಹೇರು ಹೊತ್ತ ಎತ್ತಿನ ಗಾಡಿಗೆ ದಿನಕ್ಕೆ ನಾಲ್ಕೈದು ಹರದಾರಿ, ಅಂದರೆ ಸುಮಾರು 20–24 ಕಿ.ಮೀ. ನಕ್ಷೆಯಲ್ಲಿ ಎರಡೂ ಕಡೆ ಅಷ್ಟು ದೂರದ ಊರುಗಳಲ್ಲಿ ಛತ್ರ, ಕಟ್ಟೆ, ಸುಂಕದ ಉಕ್ಕಡದ ಕುರುಹು ಹುಡುಕಿದರೆ ಹಳೇ ದಾರಿ ತಾನಾಗಿ ತೆರೆದುಕೊಳ್ಳುತ್ತದೆ. 1800–01ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್‌ನ ದಿನಚರಿ ತಂಗಿದ ಊರುಗಳ ಕ್ರಮದಲ್ಲೇ ಇದೆ, ಅದರ ಪಕ್ಕ ಇಟ್ಟು ನೋಡಿ.

ಹಿರಿಯರನ್ನು ‘ಯಾವಾಗ ಕಟ್ಟಿದ್ದು’ ಎಂದು ಕೇಳಿದರೆ ‘ರಾಜರ ಕಾಲದ್ದು’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಸ್ಥಳಕ್ಕೇ ಕರೆದುಕೊಂಡು ಹೋಗಿ ಬೇರೆ ಥರ ಕೇಳಿ: ಎತ್ತು ಕಟ್ಟುತ್ತಿದ್ದದ್ದೆಲ್ಲಿ? ನೀರು ಸೇದುತ್ತಿದ್ದವರು ಯಾರ ಮನೆಯವರು? ಸಂತೆಯ ದಿನ ಯಾವ ಊರಿನವರು ಇಳಿಯುತ್ತಿದ್ದರು? ಬಸ್ಸು ಬಂದ ಮೇಲೆ ಇಲ್ಲಿ ಏನಿತ್ತು, ಶಾಲೆಯೋ, ಅಂಚೆಯೋ, ಸೊಸೈಟಿಯೋ? ಯಾರನ್ನು ಒಳಗೆ ಬಿಡುತ್ತಿರಲಿಲ್ಲ ಎಂಬುದನ್ನೂ ಕೇಳಲೇಬೇಕು. ಅನೇಕ ಛತ್ರಗಳಲ್ಲಿ ಪಂಕ್ತಿ ಬೇರೆ, ಬಾವಿ ಬೇರೆ. ದಲಿತರಿಗೆ ಜಗಲಿಯೂ ಇಲ್ಲ. ಆ ಉತ್ತರ ಅಗ್ರಹಾರದ ಬೀದಿಯಲ್ಲಿ ಸಿಗದು, ಕೇರಿಗೆ ಹೋಗಿ ಕೂರಬೇಕು.

ಶಾನುಭೋಗರ ಮನೆಯ ಅಟ್ಟದಲ್ಲಿ ಬಟ್ಟೆಯ ಕಡತ ಸಿಕ್ಕರೆ ಅವಸರಪಡಬೇಡಿ. ಹುಣಸೆಬೀಜದ ಅಂಟು, ಇದ್ದಿಲು ಬಳಿದು ಕಪ್ಪಾಗಿಸಿದ ಆ ಬಟ್ಟೆಯ ಮೇಲಿನ ಬರಹ ಬರೀ ಬಳಪದ್ದು. ಧೂಳೆಂದು ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಲೆಕ್ಕವೇ ಅಳಿಸಿಹೋಗುತ್ತದೆ. ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿ, ಪಕ್ಕದಲ್ಲಿ ಸ್ಕೇಲು ಇಟ್ಟು, ಮಡಿಕೆಯ ಸಂಖ್ಯೆ ಬರೆದ ಚೀಟಿಯೂ ಕಾಣುವಂತೆ ಫೋಟೋ ತೆಗೆದು, ಕಡತವನ್ನು ಮನೆಯವರ ಕೈಗೇ ಹಿಂತಿರುಗಿಸಿ.