ಮಲೆನಾಡಿನ ಸಾಗರದ ಮಳೆಯನ್ನು ಮೂರು ವರ್ಷ ತಡೆದುಕೊಂಡ ಸ್ಕ್ರ್ಯಾಪ್‌ಬುಕ್: ನನ್ನ ಅನುಭವ

ನಮ್ಮ ಅತ್ತೆ ಮಾವನ ಮದುವೆಯ ಚಿತ್ರಗಳನ್ನು ಕೂರಿಸಿ ನಾನು ಕಟ್ಟಿದ ಸ್ಕ್ರ್ಯಾಪ್‌ಬುಕ್ ಕಳೆದ ಅಕ್ಟೋಬರಿಗೆ ಮೂರನೆಯ ಮಳೆಗಾಲವನ್ನು ದಾಟಿತು. ಪುಟಗಳು ಸೊಟ್ಟಗಾಗಿಲ್ಲ, ಬೂಷ್ಟು ಹಿಡಿದಿಲ್ಲ, ಐವತ್ತೆಂಟು ಚಿತ್ರಗಳಲ್ಲಿ ಒಂದರ ಮೂಲೆಯೂ ಎದ್ದಿಲ್ಲ. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಾಗದದ ಆಲ್ಬಮ್ ನಮ್ಮ ಸೀಮೆಯಲ್ಲಿ ನಿಲ್ಲುವುದಿಲ್ಲ, ಪ್ಲಾಸ್ಟಿಕ್ ಹೊದಿಸಿದ ಡಿಜಿಟಲ್ ಆಲ್ಬಮ್ ಒಂದೇ ದಾರಿ ಎಂದು ಪೇಟೆಯ ಸ್ಟುಡಿಯೋದವರು ಹೇಳಿದ್ದರು. ನಮ್ಮ ಅತ್ತಿಗೆಯಂತೂ ಮೊದಲ ವರ್ಷ ಪುಟ ತಿರುವಿ ನೋಡಿ, "ಚಂದ ಇದೆ, ಆದರೆ ಒಂದು ಮಳೆಗಾಲ ಕಳೀಲಿ ಮಾರಾಯ್ತಿ, ಆಮೇಲೆ ಮಾತಾಡುವ" ಎಂದಿದ್ದರು. ಮೂರು ಕಳೆದಿವೆ. ಆದ್ದರಿಂದ ಈಗ ಮಾತಾಡುತ್ತಿದ್ದೇನೆ.

ಆರಂಭದಲ್ಲಿ ನಾನೂ ಎಲ್ಲರಂತೆ ಆನ್‌ಲೈನ್‌ನಲ್ಲಿ ಕಿಟ್ ತರಿಸಿದವಳೇ. ಹನ್ನೆರಡು ಇಂಚು ಚೌಕದ ಆಲ್ಬಮ್, ಹೂಬಳ್ಳಿಯ ಕಾಗದಗಳು, ಸ್ಟಿಕ್ಕರುಗಳು, ಫೋಮ್ ಟೇಪು, ಅಂಟಿನ ಕಡ್ಡಿ ಎಲ್ಲ ಸೇರಿ ಸುಮಾರು 4,200 ರೂಪಾಯಿ. ಮಾರ್ಚ್ ತಿಂಗಳಲ್ಲಿ ಮಾಡಿದ ಪುಟಗಳು ಮೇ ಕೊನೆಯವರೆಗೆ ಕಣ್ಣಿಗೆ ಹಬ್ಬದಂತಿದ್ದವು. ಜುಲೈ ಹೊತ್ತಿಗೆ ಅಂಟಿನ ಕಡ್ಡಿಯಿಂದ ಹಚ್ಚಿದ್ದೆಲ್ಲ ಹಪ್ಪಳದಂತೆ ಎದ್ದು ಬಂತು, ಫೋಮ್ ಟೇಪು ಜಾರಿ ಒಂದು ಹೂವು ಮದುಮಗನ ಮುಖದ ಮೇಲೆ ಬಂದು ಕುಳಿತಿತು. ಅನಂತರ ಬೆಂಗಳೂರಿನಲ್ಲಿ ಎರಡು ದಿನದ ತರಬೇತಿಗೆ ಸೇರಿದೆ. ಶುಲ್ಕ, ಬಸ್ಸಿನ ಖರ್ಚು, ಅವರಲ್ಲೇ ಕೊಳ್ಳಬೇಕಾಗಿದ್ದ, ಕಾಗದವನ್ನು ಆಕಾರಕ್ಕೆ ಕತ್ತರಿಸುವ ಪಂಚ್‌ಗಳು ಎಲ್ಲ ಸೇರಿ ಇನ್ನೊಂದು ಆರು ಸಾವಿರ ಹೋಯಿತು. ಅಲ್ಲಿ ಕಲಿಸಿದ ಪುಟವಿನ್ಯಾಸ ಚೆನ್ನಾಗಿಯೇ ಇತ್ತು. ತೇವದ ಬಗ್ಗೆ ಕೇಳಿದರೆ ಮಾತ್ರ "ಎಸಿ ಕೋಣೆಯಲ್ಲಿಡಿ" ಎಂಬ ಉತ್ತರ ಬಂತು. ಅಡಿಕೆ ಒಣಗಿಸುವುದಕ್ಕೇ ಬಿಸಿಲು ಸಾಲದ ಊರಿನಲ್ಲಿ ಆ ಉತ್ತರವನ್ನು ಕಟ್ಟಿಕೊಂಡು ನಾನು ಏನು ಮಾಡಲಿ? ಹೀಗೆ ಕೈಬಿಟ್ಟ ಹಣ ಹತ್ತು ಸಾವಿರದ ಮೇಲೆ ಸ್ವಲ್ಪ ಇರಬಹುದು. ನಮ್ಮ ಮನೆಯವರನ್ನು ಕೇಳಿದರೆ ಹದಿನೈದು ಎನ್ನುತ್ತಾರೆ.

ಕೆಲಸ ದಾರಿಗೆ ಬಂದದ್ದು ಕಿಟ್‌ನ ಆಸೆ ಬಿಟ್ಟು, ಪುಸ್ತಕಕ್ಕೆ ರಟ್ಟು ಕಟ್ಟುವ ಹಳಬರ ಪದ್ಧತಿಯನ್ನು ಹಿಡಿದ ಮೇಲೆ. ಕಾಗದದಿಂದ ಹೇಳುತ್ತೇನೆ. ಅಡಿಪುಟಕ್ಕೆ ಹತ್ತಿಯ ಕೈಕಾಗದವನ್ನಲ್ಲದೆ ಬೇರೇನನ್ನೂ ನಾನು ಈಗ ಬಳಸುವುದಿಲ್ಲ. ಹುಬ್ಬಳ್ಳಿಯ ಹತ್ತಿರ ತಾರಿಹಾಳದಲ್ಲಿ ಹತ್ತಿ ಬಟ್ಟೆಯ ಚೂರುಗಳಿಂದ ಮಾಡುವ ಕಾಗದವನ್ನು ಒಮ್ಮೆ ಮುಟ್ಟಿ ನೋಡಿದವರಿಗೆ ಕಾರಣ ವಿವರಿಸಬೇಕಾಗಿಲ್ಲ. ಮರದ ತಿರುಳಿನ ಅಗ್ಗದ ಕಾಗದದಂತೆ ಅದು ಹಳದಿಯಾಗುವುದಿಲ್ಲ, ಒದ್ದೆಯಾಗಿ ಒಣಗಿದರೂ ನಾರು ಬಿಡುವುದಿಲ್ಲ. ಅಲಂಕಾರದ ಕಾಗದಕ್ಕೆ ಮಾತ್ರ ಬೆಂಗಳೂರಿನ ಸುಲ್ತಾನಪೇಟೆಗೆ ಹೋಗುತ್ತೇನೆ. ಲಗ್ನಪತ್ರಿಕೆ ಮಾಡುವವರಲ್ಲಿ ಉಳಿದ ತುಂಡುಗಳು, ಹಳೆಯ ವರ್ಷದ ಮಾದರಿ ಕಾರ್ಡುಗಳು ತೂಕದ ಲೆಕ್ಕದಲ್ಲಿ ಸಿಗುತ್ತವೆ. ನಾನು ಕಿಲೋಗೆ 90 ರೂಪಾಯಿಯಂತೆ ತಂದದ್ದುಂಟು, ಚೌಕಾಸಿ ಗೊತ್ತಿದ್ದವರಿಗೆ ಇನ್ನೂ ಕಡಿಮೆಯಾದೀತು. ಯಾವ ಗಲ್ಲಿಯ ಯಾವ ಅಂಗಡಿ ಎಂಬುದನ್ನು ಇಲ್ಲಿ ಬರೆದರೆ ಮುಂದಿನ ಬಾರಿ ನನಗೇ ಸಿಗಲಿಕ್ಕಿಲ್ಲ. ಸ್ವಲ್ಪ ಅಲೆದಾಡಿ ಹುಡುಕಿಕೊಳ್ಳಿ.

ಹಾಗೆ ತಂದ ಕಾರ್ಡುಗಳಲ್ಲಿ ಹುಳಿ, ಅಂದರೆ ಚಿತ್ರವನ್ನು ಕೆಡಿಸುವ ಆಮ್ಲ, ಇರುವುದು ಯಾವುದು, ಇಲ್ಲದ್ದು ಯಾವುದು ಎಂದು ತಿಳಿಯಲು ಆಮ್ಲ ತೋರಿಸುವ ಪೆನ್ನು ಸಿಗುತ್ತದೆಂದು ಗೊತ್ತು, ಆದರೆ ಅದರ ಬೆಲೆಗೆ ನನಗೆ ಎರಡು ಆಲ್ಬಮ್‌ಗಳ ಕಾಗದ ಬರುತ್ತದೆ. ನಾನು ಅಂಗಳದ ಕೆಂಪು ದಾಸವಾಳದ ಏಳೆಂಟು ಎಸಳನ್ನು ಬಿಸಿನೀರಿನಲ್ಲಿ ಹಿಂಡಿ, ಆ ನೇರಳೆ ನೀರನ್ನು ಹತ್ತಿಯ ಕಡ್ಡಿಯಿಂದ ಕಾರ್ಡಿನ ಹಿಂಬದಿಗೆ ಒಂದು ಚುಕ್ಕೆ ಇಡುತ್ತೇನೆ. ಒಣಗುವಾಗ ಕೆಂಪಿಗೆ ಅಥವಾ ಗುಲಾಬಿಗೆ ತಿರುಗಿದ್ದು ಹುಳಿ ಕಾಗದ, ಹಸಿರಿನ ಕಡೆಗೆ ಹೋದದ್ದು ಸುಣ್ಣದಂಶವಿರುವ ಕಾಗದ. ಅರಿಶಿನದ ನೀರನ್ನೂ ಪ್ರಯತ್ನಿಸಿದ್ದೆ. ಅದು ಕ್ಷಾರಕ್ಕೆ ಕೆಂಪಾಗುತ್ತದೆಯೇ ಹೊರತು ಹುಳಿಯನ್ನೂ ನಡುವಿನದ್ದನ್ನೂ ಬೇರೆ ಮಾಡಿ ತೋರಿಸುವುದಿಲ್ಲ, ಮೇಲಾಗಿ ಮೇಜಿನ ಕಲೆ ಇನ್ನೂ ಹೋಗಿಲ್ಲ. ಹುಳಿ ಕಾಗದವನ್ನು ನಾನು ಎಸೆಯುವುದಿಲ್ಲ, ಚಿತ್ರಕ್ಕೆ ತಾಗದ ಕಡೆ, ಉದಾಹರಣೆಗೆ ಪೆಟ್ಟಿಗೆಯ ಹೊರಮೈಗೆ, ಬಳಸುತ್ತೇನೆ.

ಚಿತ್ರಗಳನ್ನು ಹಳೆಯ ಆಲ್ಬಮ್‌ನಿಂದ ಬಿಡಿಸುವುದೇ ಒಂದು ದೊಡ್ಡ ಪರ್ವವಾಯಿತು. ಅತ್ತೆಯ ಮದುವೆ 1978ರದ್ದು. ಆ ಕಪ್ಪುಬಿಳುಪು ಚಿತ್ರಗಳನ್ನು ಯಾರೋ ಎಂಬತ್ತರ ದಶಕದಲ್ಲಿ, ಪುಟದ ತುಂಬ ಅಂಟಿನ ಗೆರೆಗಳಿದ್ದು ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಆಲ್ಬಮ್‌ಗೆ ಹಚ್ಚಿಬಿಟ್ಟಿದ್ದರು. ಅಂಟು ಹಳದಿಯಾಗಿ ಚಿತ್ರದ ಬೆನ್ನನ್ನು ಕಚ್ಚಿಕೊಂಡಿತ್ತು. ಹೇರ್ ಡ್ರೈಯರ್ ಹಿಡಿದರೆ ಸಡಿಲವಾಗುತ್ತದೆಂದು ಕೇಳಿ ಹಿಡಿದೆ. ಧಾರೆಯ ಚಿತ್ರವೊಂದು ಸುರುಳಿಯಾಗಿ ಅದರ ಮೈಯಲ್ಲಿ ಗೆರೆ ಬಿತ್ತು, ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕೊನೆಗೆ ಕೈಹಿಡಿದದ್ದು ಹಲ್ಲುಸಂದಿಗೆ ಬಳಸುವ ಮೇಣದ ದಾರ. ಎರಡೂ ಕೈಯ ಬೆರಳಿಗೆ ಅದನ್ನು ಸುತ್ತಿ, ಚಿತ್ರದ ಒಂದು ಮೂಲೆಯ ಕೆಳಗೆ ತೂರಿಸಿ, ಗರಗಸ ಎಳೆದಂತೆ ನಿಧಾನವಾಗಿ ಎಳೆಯುತ್ತ ಹೋದರೆ ಚಿತ್ರ ಬಗ್ಗದೆ ಬಿಡುತ್ತದೆ. ಇದಕ್ಕೂ ಮುನ್ನ ಪ್ರತಿ ಪುಟವನ್ನು ಇದ್ದ ಹಾಗೆಯೇ ಫೋಟೋ ತೆಗೆದಿಟ್ಟುಕೊಳ್ಳಿ, ಬಿಡಿಸುವಾಗ ಹರಿದರೆ ಅಷ್ಟಾದರೂ ಉಳಿಯುತ್ತದೆ.

ಇನ್ನು ಅಂಟು. ಬಿಳಿ ಅಂಟಿನಲ್ಲಿ ನೀರು ಹೆಚ್ಚು, ಕೈಕಾಗದ ಅದನ್ನು ಕುಡಿದು ಅಲೆಅಲೆಯಾಗುತ್ತದೆ, ಒಮ್ಮೆ ಒಣಗಿದ ಮೇಲೆ ತಪ್ಪು ತಿದ್ದಲು ಬಿಡುವುದಿಲ್ಲ. ಮೈದಾ ಅಂಟು ಒದ್ದೆ ಬಟ್ಟೆಯಿಟ್ಟರೆ ಬಿಡಿಸಿಕೊಳ್ಳುತ್ತದೆ, ಹತ್ತು ವರ್ಷದ ಮೇಲೆ ಯಾರಾದರೂ ಪುಟ ಬದಲಿಸಬೇಕೆಂದರೆ ಬದಲಿಸಬಹುದು. ಒಂದು ಲೋಟ ಮೈದಾಕ್ಕೆ ಐದು ಲೋಟ ನೀರು, ಅರ್ಧ ಗಂಟೆ ನೆನೆಸಿ, ಬಿಸಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆಯಿಟ್ಟು, ಬಿಳಿ ಹೋಗಿ ಗಾಜಿನಂತೆ ಹೊಳೆಯುವವರೆಗೆ ಕೈಬಿಡದೆ ಕಲಕಬೇಕು. ಆರಿದ ಮೇಲೆ ಮಲ್ ಬಟ್ಟೆಯಲ್ಲಿ ಸೋಸದಿದ್ದರೆ ಗಂಟುಗಳು ಕಾಗದದ ಕೆಳಗೆ ಮೊಡವೆಯಂತೆ ಕಾಣುತ್ತವೆ.

ಮೈದಾ ಅಂಟಿಗೆ ಹುಳು ಬರುತ್ತದೆಂಬುದು ಎಲ್ಲರ ಆಕ್ಷೇಪ. ಹಳೆಯ ರಟ್ಟಿನವರು ಅದಕ್ಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕುತ್ತಿದ್ದರು. ಅಡಿಕೆ ತೋಟದ ಮನೆಯಲ್ಲಿ ಮೈಲುತುತ್ತಕ್ಕೆ ಕೊರತೆಯೇ? ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವಾಗ ನೂರು ಲೀಟರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಮನೆಯ ಮಕ್ಕಳಿಗೂ ಬಾಯಿಪಾಠ. ಕೊಟ್ಟಿಗೆಯ ಮೂಲೆಯ ಡಬ್ಬಿಯಿಂದ ಒಂದು ಚಿಟಿಕೆ ತಂದು ಹಾಕಿದೆ. ಹುಳು ಬರಲಿಲ್ಲ, ನಿಜ. ಆದರೆ ಅಂಟು ತಿಳಿಹಸಿರಾಗಿ ಬಿಳಿ ಕಾಗದದಲ್ಲಿ ಛಾಯೆ ಬಿಟ್ಟಿತು, ಪುಟಕ್ಕೆ ಹೊಡೆದಿದ್ದ ಪಿನ್ನುಗಳು ತಾಮ್ರದ ಬಣ್ಣಕ್ಕೆ ತಿರುಗಿ ಎರಡೇ ತಿಂಗಳಲ್ಲಿ ಪುಡಿಯಾದವು. ತುತ್ತ ಕಬ್ಬಿಣವನ್ನು ತಿನ್ನುತ್ತದೆಂಬುದು ತೋಟದ ಕೆಲಸದಲ್ಲಿ ಗೊತ್ತಿದ್ದರೂ ಆಲ್ಬಮ್ ಮಾಡುವಾಗ ನನಗೆ ಹೊಳೆಯಲಿಲ್ಲ. ಅದು ಸ್ವತಃ ಹುಳಿ ಗುಣದ್ದು, ಚಿತ್ರದ ಹತ್ತಿರ ಸುಳಿಯಲೂ ಬಾರದು. ಈಗ ನಾನು ಒಲೆಯಿಂದ ಇಳಿಸುವ ಮುನ್ನ ಹಾಕುವುದು ಅಡುಗೆಮನೆಯದ್ದೇ ಒಂದು ವಸ್ತು, ನಾಲ್ಕೈದು ಹನಿ. ಅದರ ಹೆಸರು ನನ್ನಲ್ಲಿಯೇ ಇರಲಿ. ವಾಸನೆ ಹಿಡಿದು ಕಂಡುಹಿಡಿದವರಿಗೆ ನಾನು ಇಲ್ಲವೆನ್ನುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಚಿತ್ರಕ್ಕೆ ನಾನು ಯಾವ ಅಂಟನ್ನೂ ತಾಗಿಸುವುದಿಲ್ಲ, ನನ್ನ ವಿಧಾನದ ತಿರುಳು ಅದೇ. ಅಂಟು ಬೀಳುವುದು ಮೂಲೆಗಳಿಗೆ ಮಾತ್ರ. ಕೊಂಡು ತರುವ ಪ್ಲಾಸ್ಟಿಕ್ ಮೂಲೆಗಳ ಹಿಂಬದಿಯ ಅಂಟು ನಮ್ಮಲ್ಲಿ ಒಂದೇ ಮಳೆಗೆ ಸೋಲುವುದರಿಂದ ನಾನೇ ಕತ್ತರಿಸಿಕೊಳ್ಳುತ್ತೇನೆ. ಎರಡು ಇಂಚು ಉದ್ದ, ಒಂದು ಇಂಚು ಅಗಲದ ತೆಳು ಕೈಕಾಗದದ ಪಟ್ಟಿಯನ್ನು ಅಡ್ಡಡ್ಡವಾಗಿ ಇಟ್ಟುಕೊಂಡು, ಮೇಲಿನ ಎರಡು ತುದಿಗಳನ್ನು ಕೆಳಅಂಚಿನ ನಡುವಿಗೆ ಮಡಿಸಿದರೆ ವೀಳ್ಯದ ಪಟ್ಟಿಯಂಥ ತ್ರಿಕೋನದ ಜೇಬು ಸಿಗುತ್ತದೆ. ಮಡಿಕೆಯನ್ನು ಚಮಚದ ಬೆನ್ನಿನಿಂದ ಒತ್ತಿ, ನಾಲ್ಕು ಮೂಲೆಗೂ ಜೇಬು ತೊಡಿಸಿದ ಚಿತ್ರವನ್ನು ಪುಟದ ಮೇಲಿಟ್ಟು ಪೆನ್ಸಿಲಿನಿಂದ ಗುರುತು ಮಾಡಿ, ಆಮೇಲೆ ಜೇಬಿನ ನಯವಾದ ಬದಿಗೆ ಮಾತ್ರ ಅಂಟು ಸವರಬೇಕು. ಚಿತ್ರಕ್ಕೂ ಜೇಬಿಗೂ ನಡುವೆ ಒಂದು ಕೂದಲೆಳೆಯಷ್ಟು ಸಡಿಲ ಬಿಡುವುದನ್ನು ಕಲಿಯಲು ನನಗೆ ಒಂದು ಇಡೀ ಮಳೆಗಾಲ ಬೇಕಾಯಿತು. ಬಿಗಿಯಾಗಿ ಕೂರಿಸಿದರೆ ತೇವಕ್ಕೆ ಪುಟ ಹಿಗ್ಗಿ ಒಣಗಿ ಕುಗ್ಗುವಾಗ ಚಿತ್ರ ನಡುವೆ ಉಬ್ಬುತ್ತದೆ. ಐವತ್ತೆಂಟು ಚಿತ್ರಕ್ಕೆ ಇನ್ನೂರ ಮೂವತ್ತೆರಡು ಮೂಲೆಗಳು. ನಾಲ್ಕು ಸಂಜೆಯ ಕೆಲಸ, ಮಗಳು ಅರ್ಧ ಮಡಿಸಿಕೊಟ್ಟಳು.

ರಟ್ಟು ಕಟ್ಟುವಾಗ ಹೊಸಬರೆಲ್ಲರೂ ಎಡವುವ ಜಾಗದಲ್ಲಿ ನಾನೂ ಎಡವಿದ್ದೆ. ಚಿತ್ರಗಳು ಸೇರಿದ ಮೇಲೆ ಆಲ್ಬಮ್‌ನ ಬಾಯಿ ದಪ್ಪ, ಬೆನ್ನು ತೆಳ್ಳಗೆ, ಒಟ್ಟಿನಲ್ಲಿ ಮೊಸಳೆ ಬಾಯಿ ತೆರೆದಂತೆ. ಪ್ರತಿ ಎರಡು ಹಾಳೆಗಳ ನಡುವೆ ಬೆನ್ನಿನಲ್ಲಿ ಮುಕ್ಕಾಲು ಇಂಚಿನ ಮಡಿಸಿದ ಪಟ್ಟಿಯೊಂದನ್ನು ಸೇರಿಸಿ ಹೊಲಿದ ಮೇಲೆ ಅದು ಸರಿಹೋಯಿತು. ಕೈಕಾಗದದಲ್ಲಿ ನಾರಿನ ದಿಕ್ಕಿನ ಚಿಂತೆ ಇಲ್ಲವೆಂದೇ ಹೇಳಬಹುದು, ಆದರೆ ಹೊದಿಕೆಯ ರಟ್ಟು ಯಂತ್ರದ್ದು. ಅದರ ನಾರು ಬೆನ್ನಿಗೆ ಸಮಾನಾಂತರವಾಗಿ ಓಡದಿದ್ದರೆ ಯಾವ ಕಲ್ಲು ಹೇರಿದರೂ ಅದು ದೋಣಿಯಾಗುತ್ತದೆ. ನನ್ನ ಮೂರನೆಯ ಆಲ್ಬಮ್ ಹಾಗೆ ದೋಣಿಯಾಯಿತು. ಗಿರಾಕಿಗೆ ಕೊಡುವ ಹಿಂದಿನ ದಿನ ಅದನ್ನು ಕಂಡು, ಬೇಗ ಒಣಗಲೆಂದು ಅಡಿಕೆ ಒಣಗಿಸುವ ಒಲೆಯ ಪಕ್ಕದಲ್ಲಿಟ್ಟು ಇನ್ನಷ್ಟು ಕೆಡಿಸಿದೆ. 1,500 ರೂಪಾಯಿ ಮುಂಗಡ ಹಿಂದಿರುಗಿಸಬೇಕಾಯಿತು. ಈಗ ಹಳೆಯ ಹತ್ತಿ ಪಂಚೆಯ ಮಡಿಕೆಗಳ ನಡುವೆ ಇಟ್ಟು, ಮೇಲೆ ಹಲಗೆ, ಹಲಗೆಯ ಮೇಲೆ ಅಜ್ಜಿಯ ಕಾಲದ ಬೀಸುವ ಕಲ್ಲು. ಬೇಸಿಗೆಯಲ್ಲಿ ಒಂದು ರಾತ್ರಿ ಸಾಕು, ತಂಪಿನ ದಿನಗಳಲ್ಲಿ ಮೂರು ದಿನ ಮತ್ತು ದಿನಕ್ಕೊಮ್ಮೆ ಪಂಚೆ ಬದಲಾವಣೆ. ದಿನಪತ್ರಿಕೆಯ ನಡುವೆ ಒಣಹಾಕಬೇಡಿ, ಅಕ್ಷರಗಳು ಪುಟಕ್ಕೆ ಇಳಿಯುತ್ತವೆ.

ಅಡ್ಡದಾರಿಯ ಪ್ರಯೋಗಗಳೂ ನಡೆದವು. ಹೊದಿಕೆಗೆ ಅಡಿಕೆ ಹಾಳೆ ಹಾಕಿದರೆ ಎಷ್ಟು ನಮ್ಮತನ ಎಂದುಕೊಂಡು, ಹಾಳೆ ತಟ್ಟೆ ಮಾಡುವವರ ಬಳಿ ಹೋಗಿ ಬಿಸಿ ಅಚ್ಚಿನಲ್ಲಿ ಚಪ್ಪಟೆಯಾಗಿ ಒತ್ತಿಸಿಕೊಂಡು ಬಂದೆ. ಏಪ್ರಿಲ್‌ನಲ್ಲಿ ನೋಡಿದವರೆಲ್ಲ ಹೊಗಳಿದರು. ಜುಲೈನ ಎರಡನೆಯ ವಾರ ಅದರ ಮೇಲೆ ಹಸಿರು ಬೂಷ್ಟು ಬೆಳೆದು, ನಮ್ಮ ಮಾವ "ಇದಕ್ಕೂ ತುತ್ತ ಹೊಡೆಯಬೇಕೇನೋ" ಎಂದು ನಕ್ಕರು. ಹಸೆ ಚಿತ್ತಾರದ ಪ್ರಯೋಗ ಮಾತ್ರ ಅರ್ಧ ಗೆದ್ದಿತು. ನಮ್ಮ ಕಡೆಯ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಎಳೆಯುವ ಆ ಗೆರೆಗಳನ್ನು, ನೆರೆಮನೆಯ ಅಕ್ಕ ಒಬ್ಬರಿಂದ ಕಲಿತು ಪುಟದ ಅಂಚಿಗೆ ಬರೆದೆ. ಗೋಡೆ ಬಗ್ಗುವುದಿಲ್ಲ, ಪುಟ ಬಗ್ಗುತ್ತದೆ; ತಿರುವಿದಾಗಲೆಲ್ಲ ಬಿಳಿ ಉದುರಿತು. ಈಗ ಹೊದಿಕೆಯ ಗಟ್ಟಿ ರಟ್ಟಿನ ಮೇಲೆ ಮಾತ್ರ ಬರೆಯುತ್ತೇನೆ, ಅಕ್ಕಿಹಿಟ್ಟಿನ ಬದಲು ಬಿಳಿ ಬಣ್ಣದಲ್ಲಿ, ಕೆಮ್ಮಣ್ಣಿಗೆ ಮೈದಾ ಅಂಟಿನ ತಿಳಿ ಬೆರೆಸಿ. ಮದುವೆಯ ಆಲ್ಬಮ್‌ಗೆ ಅದಕ್ಕಿಂತ ಒಪ್ಪುವ ಅಲಂಕಾರ ನನಗೆ ಕಿಟ್‌ಗಳಲ್ಲಿ ಕಂಡಿಲ್ಲ.

ಬರವಣಿಗೆಗೆ ತೇವಕ್ಕೆ ಹರಡದ ಪಿಗ್ಮೆಂಟ್ ಶಾಯಿಯ ಪೆನ್ನನ್ನೇ ಬಳಸಿ. ಜೆಲ್ ಪೆನ್ನಿನಲ್ಲಿ ಬರೆದ ಒಂದು ಪುಟ ತೇವಕ್ಕೆ ಹರಡಿ, ಮಾವನ ಊರಿನ ಹೆಸರೇ ಓದಲಾಗದಂತಾಯಿತು. ಚಿತ್ರದ ಬೆನ್ನಿಗೆ ಬಾಲ್ ಪೆನ್ ಹಾಕಿದರೆ ಗೆರೆ ಮುಂದೆ ಮೂಡುತ್ತದೆ, 4ಬಿ ಪೆನ್ಸಿಲ್ ಸಾಕು.

ಈಗಿನ ಲೆಕ್ಕಕ್ಕೆ ಇಪ್ಪತ್ತನಾಲ್ಕು ಪುಟದ ಒಂದು ಆಲ್ಬಮ್‌ಗೆ ಸಾಮಗ್ರಿಯ ಖರ್ಚು 600ರಿಂದ 650 ರೂಪಾಯಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೈಕಾಗದಕ್ಕೇ ಹೋಗುತ್ತದೆ. ಹದಿನಾರು ಹದಿನೇಳು ಗಂಟೆಯ ಕೆಲಸ. 2,200 ತೆಗೆದುಕೊಳ್ಳುತ್ತೇನೆ. ಇದುವರೆಗೆ ಹದಿನಾಲ್ಕೋ ಹದಿನೈದೋ ಹೋಗಿವೆ, ಕಳೆದುಕೊಂಡದ್ದು ಮರಳಿ ಬಂದು ಒಂದು ಒಳ್ಳೆಯ ಕಾಗದ ಕತ್ತರಿಸುವ ಯಂತ್ರವೂ ಬಂದಿದೆ. ಪ್ರತಿ ಆಲ್ಬಮ್‌ನ ಜೊತೆ ತೇವ ಹೀರುವ ಸಿಲಿಕಾ ಜೆಲ್‌ನ ಎರಡು ಚೀಲ ಕೊಟ್ಟು, ಮಳೆ ಹಿಡಿಯುವ ಮೊದಲು ಸ್ಟೀಲ್ ಟ್ರಂಕಿನಲ್ಲಿ ಮಲಗಿಸಿಡಿ, ನಡುನಡುವೆ ಬಿಸಿಲು ಬಿದ್ದ ದಿನ ಟ್ರಂಕು ತೆರೆದು ಪುಟ ತಿರುವಿ ಎಂದು ಹೇಳಿ ಕಳಿಸುತ್ತೇನೆ.

ಅತ್ತಿಗೆ ಕಳೆದ ದೀಪಾವಳಿಗೆ ತಮ್ಮ ಮಗಳ ನಾಮಕರಣದ ಚಿತ್ರಗಳನ್ನು ತಂದುಕೊಟ್ಟು, ಬೇಗ ಬೇಕೆಂದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಅಂಟು ಕಾಯಿಸುವುದಿಲ್ಲ, ಆದ್ದರಿಂದ ಅದು ಮೇ ತಿಂಗಳೊಳಗೆ ಮುಗಿಯಲೇಬೇಕು. ಸದ್ಯ ಹನ್ನೊಂದನೆಯ ಪುಟ ಬೀಸುವ ಕಲ್ಲಿನ ಅಡಿಯಲ್ಲಿದೆ.