2147483647 ಅವಿಭಾಜ್ಯ ಅಂತ ಕೈಲೆಕ್ಕದಲ್ಲೇ ನೋಡಿದೆ

ಪ್ರೋಗ್ರಾಂ ಬರೆಯುವವರಿಗೆ ಈ ಸಂಖ್ಯೆಯ ಪರಿಚಯ ಇದ್ದೇ ಇರುತ್ತದೆ. ಪ್ಲಸ್ಸು ಮೈನಸ್ಸು ಎರಡೂ ಹಿಡಿಯುವ 32 ಬಿಟ್ ಇಂಟಿಜರ್‌ನಲ್ಲಿ (ಕಂಪ್ಯೂಟರ್ 32 ಸೊನ್ನೆ-ಒಂದುಗಳಲ್ಲಿ ಬರೆದಿಡುವ ಪೂರ್ಣಾಂಕ) ಇದಕ್ಕಿಂತ ದೊಡ್ಡದು ಕೂರುವುದಿಲ್ಲ. ನಾನೂ ವರ್ಷಗಟ್ಟಲೆ ಇದನ್ನು ಅಷ್ಟಕ್ಕೇ ನೋಡಿದ್ದೆ. ಆಮೇಲೆ ಗೊತ್ತಾಯಿತು, 2ರ 31ನೇ ಘಾತದಲ್ಲಿ ಒಂದು ಕಳೆದರೆ ಸಿಗುವ ಈ ಸಂಖ್ಯೆ ಅವಿಭಾಜ್ಯ, ಅದನ್ನು 1772ರಲ್ಲಿ ಗಣಿತಜ್ಞ ಆಯ್ಲರ್ ತೋರಿಸಿಕೊಟ್ಟಿದ್ದರು, ಅದೂ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋದ ಮೇಲೆ. ಪೆನ್ನು ಪೇಪರ್ ಹಿಡಿದು ನಾನೂ ಕೂತೆ.

ಈ ಸಂಖ್ಯೆ ಒಡೆಯುವುದಾದರೆ ಅದರ ವರ್ಗಮೂಲದೊಳಗಿನ ಯಾವುದಾದರೂ ಅವಿಭಾಜ್ಯ ಅದನ್ನು ಭಾಗಿಸಲೇಬೇಕು. ವರ್ಗಮೂಲ 46340ಕ್ಕಿಂತ ಚೂರು ಜಾಸ್ತಿ. ಅಷ್ಟರೊಳಗೆ 4792 ಅವಿಭಾಜ್ಯಗಳಿವೆ. ಎಲ್ಲದರಿಂದಲೂ ಭಾಗಿಸಬೇಕಾಗಿಲ್ಲ. ‘ಪ’ ಅನ್ನೋ ಅವಿಭಾಜ್ಯ ಇದನ್ನು ಸರಿಯಾಗಿ ಭಾಗಿಸುತ್ತದೆ ಅಂತಿಟ್ಟುಕೊಳ್ಳಿ. 2ರಿಂದ ಶುರುಮಾಡಿ ದ್ವಿಗುಣ ಮಾಡುತ್ತಾ, ಪ್ರತಿ ಸಲ ‘ಪ’ದಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಂಡು ಹೋದರೆ 31ನೇ ಹೆಜ್ಜೆಗೆ 1 ಬರಬೇಕು. ಫರ್ಮಾ ಪ್ರಮೇಯದ ಪ್ರಕಾರ ಪ−1ನೇ ಹೆಜ್ಜೆಗೂ 1 ಬರುತ್ತದೆ. 31 ಅವಿಭಾಜ್ಯ, 1ಕ್ಕೆ ಮರಳುವ ಅದಕ್ಕಿಂತ ಚಿಕ್ಕ ಸುತ್ತು ಸಾಧ್ಯವೇ ಇಲ್ಲ. ಹಾಗಾಗಿ ಪ−1 ಅನ್ನೋದು 31ರ ಮಗ್ಗಿಯಲ್ಲಿರಬೇಕು, ಸಮಸಂಖ್ಯೆ ಬೇರೆ, ಅಂದರೆ 62ರ ಮಗ್ಗಿ. ಇನ್ನೊಂದು ಹೆಜ್ಜೆ ಮುಂದೆ ಹೋಗಿ. 32ನೇ ಹೆಜ್ಜೆಗೆ ಶೇಷ 2. ಅಲ್ಲಿಗೆ 16ನೇ ಹೆಜ್ಜೆಯ ವರ್ಗವೇ 2 ಆಯಿತು, ಅಲ್ವಾ? ಹಾಗಾಗಬೇಕಾದರೆ ‘ಪ’ವನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಲೇಬೇಕು. ಇಡೀ ಲೆಕ್ಕದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು. ಎರಡನ್ನೂ ಸೇರಿಸಿದರೆ 248ರ ಮಗ್ಗಿಗೆ 1 ಇಲ್ಲವೇ 63 ಕೂಡಿಸಿದ ಸಂಖ್ಯೆಗಳಷ್ಟೇ ಉಳಿಯುತ್ತವೆ, ಒಟ್ಟು 373.

ಅದರಲ್ಲೂ ಅವಿಭಾಜ್ಯವಲ್ಲದ್ದನ್ನು ಹೊಡೆದುಹಾಕಿದರೆ ನೂರರೊಳಗೆ ಬರುತ್ತದೆ. ಪಟ್ಟಿಯಲ್ಲಿ 2047 ಸಿಕ್ಕಾಗ ಖುಷಿಯಾಯಿತು. ಅದು 2ರ 11ನೇ ಘಾತದಲ್ಲಿ ಒಂದು ಕಳೆದದ್ದು, ಆದರೆ 23 × 89 ಆಗಿ ಒಡೆಯುತ್ತದೆ. 46129 ಮಾತ್ರ ಸತಾಯಿಸಿತು, 163ರವರೆಗೂ ಹೋದ ಮೇಲೆ 163 × 283 ಅಂತ ಗೊತ್ತಾಯಿತು.

ಮೊದಲ ಅವಿಭಾಜ್ಯ 311. ಉದ್ದ ಭಾಗಾಕಾರದಲ್ಲಿ 35 ಉಳಿಯಿತು. 1303ರಲ್ಲಿ ಸೊನ್ನೆ ಬಂದುಬಿಟ್ಟಿತು! ಎದೆ ಧಸಕ್ಕೆಂದಿತು. ನೋಡಿದರೆ ಒಂದು ಕಡೆ ಕಳೆಯುವಾಗ ತಪ್ಪಿದ್ದೆ, ಸರಿಯಾದ ಶೇಷ 226. ಅವತ್ತಿಂದ ಪ್ರತಿಯೊಂದನ್ನೂ ಇನ್ನೊಂದು ದಾರಿಯಲ್ಲಿ ತಾಳೆ ನೋಡಿದೆ. 311ಕ್ಕೆ ಹೀಗೆ: 8ನೇ ಹೆಜ್ಜೆ 256, ಅದರ ವರ್ಗ 65536, ಶೇಷ 226. ಇದು 16ನೇ ಹೆಜ್ಜೆ. ಅರ್ಧ ಮಾಡಿದರೆ 113, ಅದು 15ನೇದು. (ಬೆಸ ಬಂದರೆ ‘ಪ’ ಕೂಡಿಸಿ ಅರ್ಧ ಮಾಡಿ.) 16 + 15 = 31, ಹಾಗಾಗಿ 31ನೇ ಹೆಜ್ಜೆಗೆ ಎರಡನ್ನೂ ಗುಣಿಸಿದರೆ 25538, ಶೇಷ 36, ಒಂದು ಕಳೆದರೆ ಅದೇ 35.

ದಿನಾ ರಾತ್ರಿ ಊಟ ಆದಮೇಲೆ ನಾಲ್ಕೈದು ಅಂತ ಮಾಡುತ್ತಾ ಬಂದೆ. ಕೊನೆಯದು 45943. ಭಾಗಲಬ್ಧ 46742, ಶೇಷ 15941. ಎರಡು ಸಲ ತಾಳೆ ನೋಡಿ ಪುಸ್ತಕ ಮುಚ್ಚಿದೆ.