ವಿಜಯಪುರದ ಬಿಸಿಲಿಗೆ ಕೂಲರ್: ಕಿಟಕಿ ಮುಚ್ಚಿ ಓಡಿಸಿದರೆ ತಂಪು ಸಿಗದು

ಏಪ್ರಿಲ್ ಹೊತ್ತಿಗೆ ವಿಜಯಪುರ, ಬಾಗಲಕೋಟೆಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆದರೆ ಗಾಳಿ ಒಣಗಿರುತ್ತದೆ. ಕೂಲರಿಗೆ ಬೇಕಾದದ್ದು ಇದೇ ಹವೆ. ಹೊರಗೆ 42 ಡಿಗ್ರಿ ಇದ್ದು ತೇವಾಂಶ ಶೇ 15ರಷ್ಟಿದ್ದರೆ, ನೀರಿನಲ್ಲಿ ತೊಯ್ದ ಒಳ್ಳೆಯ ಪ್ಯಾಡ್ ದಾಟಿ ಬರುವ ಗಾಳಿ 26–27 ಡಿಗ್ರಿಗೆ ಇಳಿಯುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯೂನಿಟ್ ವಿದ್ಯುತ್ತಿನಷ್ಟು ಶಾಖವನ್ನು ಹೀರಿಕೊಳ್ಳುತ್ತದೆ. ಫ್ಯಾನ್, ಪಂಪ್ ಎರಡೂ ಸೇರಿ ಮನೆಯ ಕೂಲರ್ ಎಳೆಯುವುದು 150–200 ವ್ಯಾಟ್. ಒಂದೂವರೆ ಟನ್ ಎಸಿ, ಕಂಪ್ರೆಸರ್ ಓಡುವಾಗ 1,000–1,500 ವ್ಯಾಟ್. ಇಷ್ಟಿದ್ದೂ ‘ಕೂಲರ್ ಹಚ್ಚಿದರೆ ಮೈಯೆಲ್ಲ ಜಿಗಿಜಿಗಿ’ ಎಂಬ ದೂರು ತಪ್ಪಿಲ್ಲ. ದೋಷ ಹೆಚ್ಚಾಗಿ ಯಂತ್ರದ್ದಲ್ಲ, ಅದನ್ನು ಇಟ್ಟ ಜಾಗದ್ದು.

ಎಲ್ಲಿ ಇಡಬೇಕು, ಗಾಳಿ ಎಲ್ಲಿಂದ ಹೋಗಬೇಕು

ಕೋಣೆಯ ನಡುವೆ ಇಟ್ಟ ಕೂಲರ್ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಎಳೆದು ತೋಯಿಸುತ್ತದೆ. ಅರ್ಧ ಗಂಟೆಯಲ್ಲಿ ಗಾಳಿಗೆ ಇನ್ನಷ್ಟು ನೀರು ಹಿಡಿಯುವ ಶಕ್ತಿ ಉಳಿಯುವುದಿಲ್ಲ. ಬೆವರು ಆರುವುದಿಲ್ಲ, ಕಪಾಟಿನ ಹಿಂದೆ ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಕೂಲರ್ ಕಿಟಕಿಯ ಹೊರಗೆ ಸ್ಟ್ಯಾಂಡ್ ಮೇಲೆ ಇರಲಿ, ಆದಷ್ಟು ಉತ್ತರ ಅಥವಾ ಪೂರ್ವದ ನೆರಳಿನಲ್ಲಿ. ಎದುರು ಬದಿಯ ಕಿಟಕಿ ತೆರೆದಿರಲಿ.

ಎಷ್ಟು ತೆರೆಯಬೇಕು? ಕೂಲರಿನ ಪ್ರತಿ 1,000 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಗಾಳಿಗೆ ಸುಮಾರು 2 ಚದರ ಅಡಿ. 12×12 ಅಡಿ ಕೋಣೆ, 10 ಅಡಿ ಎತ್ತರ ಎಂದರೆ 1,440 ಘನ ಅಡಿ. ಎರಡು ನಿಮಿಷಕ್ಕೊಮ್ಮೆ ಪೂರ್ತಿ ಗಾಳಿ ಬದಲಾಗಲು 720 ಸಿಎಫ್‌ಎಂ ಸಾಕು. ಮೇಲಿನ ಮಹಡಿಯಾದರೆ 1,000 ಇಟ್ಟುಕೊಳ್ಳಿ. ಗಾಳಿ ಸರಿಯಾಗಿ ಹರಿಯುತ್ತಿದೆಯೋ ನೋಡಲು ಎದುರಿನ ಕಿಟಕಿಯ ಬಳಿ ಒಂದು ಊದುಬತ್ತಿ ಹಿಡಿಯಿರಿ. ಹೊಗೆ ನೆಟ್ಟಗೆ ಹೊರಗೆ ಹೋದರೆ ಸರಿ. ಅಲ್ಲೇ ಸುತ್ತಿದರೆ ಇನ್ನಷ್ಟು ತೆರೆಯಿರಿ, ಒಳಗೆ ಮರಳಿದರೆ ಗಾಳಿಗೆ ಎದುರಾದ ಆ ಕಿಟಕಿ ಬಿಟ್ಟು ಬೇರೆ ಕಿಟಕಿ ತೆರೆಯಿರಿ.

ಇದೇ ಹರಿವಿನಿಂದ ಅಡುಗೆಮನೆಗೂ ಲಾಭವಿದೆ. ಪಡಸಾಲೆಯಲ್ಲಿ ಕೂಲರ್ ಓಡುವಾಗ ಅಡುಗೆಮನೆಯ ಕಿಟಕಿ ತೆರೆದು ಎಕ್ಸಾಸ್ಟ್ ಫ್ಯಾನ್ ಹಚ್ಚಿದರೆ ರೊಟ್ಟಿ ಸುಡುವ ಹೊಗೆ, ಒಗ್ಗರಣೆಯ ಘಾಟು ಮಲಗುವ ಕೋಣೆಗೆ ಬರದೆ ಹೊರಗೇ ಹೋಗುತ್ತದೆ. ಹೊರಗೆ ಯಾರಾದರೂ ಕಸವನ್ನೋ ಕಬ್ಬಿನ ರವದಿಯನ್ನೋ ಸುಡುತ್ತಿದ್ದರೆ ಮಾತ್ರ ಕೂಲರ್ ಬಂದ್ ಮಾಡಿ. ಪ್ಯಾಡ್ ದಪ್ಪ ಧೂಳನ್ನು ಒಂದಷ್ಟು ಹಿಡಿದೀತು, ಹೊಗೆಯನ್ನು ಹಿಡಿಯದು.

ಸವಳು ನೀರಿನ ಕಾಟ

ನಮ್ಮ ಕಡೆ ಕೂಲರ್ ಕೆಡುವುದು ಹೆಚ್ಚಾಗಿ ಬೋರಿನ ನೀರಿನಿಂದ. ಆವಿಯಾಗುವುದು ನೀರು ಮಾತ್ರ, ಉಪ್ಪು ಹಿಂದೆಯೇ ಉಳಿಯುತ್ತದೆ. 60 ಲೀಟರ್ ಟ್ಯಾಂಕಿಗೆ ದಿನದಲ್ಲಿ ಇನ್ನೂ 60 ಲೀಟರ್ ಸುರಿದು ಓಡಿಸಿದರೆ ಸಂಜೆಗೆ ಟ್ಯಾಂಕಿನಲ್ಲಿರುವ ಉಪ್ಪು ಇಮ್ಮಡಿ. ಅದು ಪ್ಯಾಡಿನ ಮೇಲೆ ಬಿಳಿ ಹಕ್ಕಳೆಯಾಗಿ ಕೂತು ಗಾಳಿಯ ದಾರಿ ಕಟ್ಟುತ್ತದೆ, ಮೇಲಿಂದ ಪ್ಯಾಡಿಗೆ ನೀರು ಬಿಡುವ ತೂತುಗಳನ್ನೂ ಮುಚ್ಚುತ್ತದೆ. ಪ್ಯಾಡನ್ನು ಹತ್ತಿರದಿಂದ ನೋಡಿ: ಮೇಲಿಂದ ಕೆಳಕ್ಕೆ ಒಂದು ಒಣ ಪಟ್ಟಿ ಕಂಡರೆ ಅದರ ನೆತ್ತಿಯ ತೂತು ಕಟ್ಟಿದೆ ಎಂದರ್ಥ. ಆ ಪಟ್ಟಿಯಿಂದ ಬಿಸಿಗಾಳಿ ಹಾಗೇ ಒಳಗೆ ಬರುತ್ತದೆ. ಪ್ಲಗ್ ಕಿತ್ತು, ಸೈಕಲ್ ಕಡ್ಡಿಯಿಂದ ತೂತು ಬಿಡಿಸಿ.

ಎರಡು ದಿನಕ್ಕೊಮ್ಮೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಆ ನೀರು ಗಿಡಕ್ಕೆ ಬೇಡ, ಪಾಯಖಾನೆಗೆ ಬಳಸಿ. ಹಕ್ಕಳೆ ತೆಗೆಯಲು ಒಂದು ಲೀಟರ್ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಕರಗಿಸಿ, ಜೇನುಗೂಡಿನಂಥ ಕಾಗದದ ಹನಿಕಾಂಬ್ ಪ್ಯಾಡನ್ನು ಅರ್ಧ ಗಂಟೆ ನೆನೆಸಿ, ಮೆತ್ತಗೆ ತೊಳೆಯಿರಿ. ಪಾಯಖಾನೆ ತೊಳೆಯುವ ಆ್ಯಸಿಡ್ ಹಾಕಬೇಡಿ. ಪ್ಯಾಡಿನ ಕಾಗದ, ಪಂಪು, ತಗಡು ಮೂರೂ ಹಾಳು. ಕಟ್ಟಿಗೆ ನಾರಿನ ಪ್ಯಾಡ್ ತೊಳೆದು ಉಳಿಸಿಕೊಳ್ಳುವ ಬದಲು ಪ್ರತಿ ಬೇಸಿಗೆಗೆ ಹೊಸದು ಹಾಕುವುದೇ ಮೇಲು. ಅದು ಕುಗ್ಗಿ ಕೆಳಗೆ ಜಾರಿದರೆ ಮೇಲ್ಭಾಗ ಬರಿದಾಗುತ್ತದೆ.

ಫ್ಯಾನಿಗಿಂತ 10 ನಿಮಿಷ ಮೊದಲು ಪಂಪ್ ಹಚ್ಚಿ. ನಿಲ್ಲಿಸುವಾಗ ಪಂಪ್ ಮೊದಲು, 20 ನಿಮಿಷದ ಮೇಲೆ ಫ್ಯಾನ್. ಪ್ಯಾಡ್ ಒಣಗಿದರೆ ವಾಸನೆ ಬಾರದು.

ಡೆಂಗಿ ಹರಡುವ ಸೊಳ್ಳೆಗೆ ಈ ಟ್ಯಾಂಕು ಇಷ್ಟದ ಜಾಗ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7–10 ದಿನ ಸಾಕು. ಮೊಟ್ಟೆಗಳು ನೀರಂಚಿನ ಗೋಡೆಗೆ ಅಂಟಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಹೀಗಾಗಿ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಒಳಗೋಡೆಯನ್ನು ಬ್ರಶ್ಶಿನಿಂದ ತಿಕ್ಕಬೇಕು.

ತಗಡಿನ ಕೂಲರಿಗೆ ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ ಕಡ್ಡಾಯ. ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿದರೆ ಜೀವ ಉಳಿಯುತ್ತದೆ. ಕೂಲರ್ ಓಡುತ್ತಿರುವಾಗ ಕೊಡದಿಂದ ನೀರು ಸುರಿಯುವುದು ಬೇಡವೇ ಬೇಡ. ಸ್ವಿಚ್ ಆರಿಸಿದರಷ್ಟೇ ಸಾಲದು, ಪ್ಲಗ್ ಕಿತ್ತ ಮೇಲೆಯೇ ಮುಟ್ಟಿ. ಮಕ್ಕಳಿಗೂ ಇದನ್ನು ಹೇಳಿಕೊಡಿ.

ಕೂಲರಿಗಿಂತ ಮೊದಲು ಮಾಳಿಗೆ

ಹೈ ಸ್ಪೀಡಿನಲ್ಲಿ ಕೂಲರ್ ಗಂಟೆಗೆ 8–12 ಲೀಟರ್ ನೀರು ಕುಡಿಯುತ್ತದೆ. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಓಣಿಯಲ್ಲಿ ಇದು ಸಣ್ಣ ಖರ್ಚಲ್ಲ. ಮಣ್ಣಿನ ಮಾಳಿಗೆಯ ಹಳೇ ಮನೆಗೆ ಈ ಚಿಂತೆ ಕಡಿಮೆ. ಆರ್‌ಸಿಸಿ ಸ್ಲ್ಯಾಬ್ ಹಾಗಲ್ಲ. ಹಗಲಿಡೀ ಕಾದು ರಾತ್ರಿಯಿಡೀ ಕಾವು ಕೆಳಗೆ ಬಿಡುತ್ತದೆ. ಅದಕ್ಕೆ ಸುಣ್ಣವೇ ಅಗ್ಗದ ಮದ್ದು. ಅಹಮದಾಬಾದಿನಲ್ಲಿ 2017ರಿಂದ ಬಡವರ ಮನೆಗಳ ಮೇಲೆ ಇಂಥ ಬಿಳಿ ಲೇಪ ಬಳಿಸಲಾಗುತ್ತಿದೆ.

ಫೆಬ್ರವರಿಯಲ್ಲೇ ಕೆಲಸ ಮುಗಿಸಿ. ಮಾಳಿಗೆ ಗುಡಿಸಿ, ಪಾಚಿಯನ್ನು ತಂತಿ ಬ್ರಶ್ಶಿನಿಂದ ಕೆರೆದು, ಬಿರುಕು ಮುಚ್ಚಿ. 10 ಕಿಲೋ ಸುಣ್ಣದ ಪುಡಿಯನ್ನು 25 ಲೀಟರ್ ನೀರಿನಲ್ಲಿ ಹಿಂದಿನ ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ. ಎರಡೂವರೆ ಕಿಲೋ ಬಿಳಿ ಸಿಮೆಂಟ್, ಅರ್ಧ ಕಿಲೋ ಫೆವಿಕಾಲ್ ಈ ಅಳತೆಗೆ ಸಾಕು. ಆದರೆ ಸಿಮೆಂಟನ್ನು ಒಂದೇ ಸಲ ಕಲಸಬೇಡಿ. ಒಂದು ಗಂಟೆಯಲ್ಲಿ ಬಳಿಯುವಷ್ಟಕ್ಕೆ ಮಾತ್ರ ಬೆರೆಸಿ. ಮಾಳಿಗೆಯನ್ನು ನೀರು ಚಿಮುಕಿಸಿ ತೇವ ಮಾಡಿಕೊಂಡು, ಬಿಸಿಲು ಇಳಿದ ಮೇಲೆ ತೆಳುವಾಗಿ ಒಂದು ಕೈ, ಮರುದಿನ ಅಡ್ಡಡ್ಡವಾಗಿ ಇನ್ನೊಂದು ಕೈ ಬಳಿಯಿರಿ. ಕಾದ ಸ್ಲ್ಯಾಬಿನ ಮೇಲೆ ಮಧ್ಯಾಹ್ನ ಬಳಿದ ಸುಣ್ಣ ಹಿಡಿಯುವ ಮೊದಲೇ ಒಣಗಿ, ಪುಡಿಯಾಗಿ ಏಳುತ್ತದೆ. ದಪ್ಪ ಬಳಿದದ್ದೂ ಸಿಪ್ಪೆ ಸುಲಿಯುತ್ತದೆ. ಎರಡು ಸಂಜೆ ಹಗುರವಾಗಿ ನೀರು ಸಿಂಪಡಿಸಿ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇರಲೇಬೇಕು. ಏಪ್ರಿಲ್‌ನಲ್ಲಿ ಕೆಂಧೂಳು ಕೂತಾಗ ಒಮ್ಮೆ ತೊಳೆಯಿರಿ, ಧೂಳು ಕೂತ ಬಿಳುಪು ಬಿಸಿಲನ್ನು ಅಷ್ಟಾಗಿ ಹಿಂದಿರುಗಿಸದು.

ಪಡುವಣ ಗೋಡೆಗೆ ಒಣದ್ರಾಕ್ಷಿ ಶೆಡ್ಡಿಗೆ ಕಟ್ಟುವ ಹಸಿರು ನೆಟ್ಟೇ ಸಾಕು. ಗೋಡೆಯಿಂದ ಒಂದು ಅಡಿ ದೂರದಲ್ಲಿ ಕಟ್ಟಿ. ಕಿಟಕಿಯ ಒಳಗಿನ ಪರದೆಗಿಂತ ಇದು ಮೇಲು. ಗಾಜು ದಾಟಿ ಬಂದ ಬಿಸಿಲು ಆಗಲೇ ಒಳಗೆ ಬಂದಂತೆ.

ಜೂನಿನಲ್ಲಿ ಮುಂಗಾರು ಬಂದು ತೇವಾಂಶ ಶೇ 70 ದಾಟಿದ ಮೇಲೆ, 30 ಡಿಗ್ರಿ ಗಾಳಿ ಮೂರು–ನಾಲ್ಕು ಡಿಗ್ರಿಗಿಂತ ಹೆಚ್ಚು ಇಳಿಯುವುದು ಕಷ್ಟ. ಆಗ ಪಂಪ್ ಬಂದ್ ಮಾಡಿ, ಸೀಲಿಂಗ್ ಫ್ಯಾನ್ ಹಚ್ಚಿ. ಹಳೆಯದು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟರಿನ) ಫ್ಯಾನ್ 30ರ ಆಸುಪಾಸು. ಕೂಲರಿನ ಟ್ಯಾಂಕ್ ತಿಕ್ಕಿ ಒಣಗಿಸಿ, ಪಂಪನ್ನು ನಿಂಬೆ ಉಪ್ಪಿನ ನೀರಿನಲ್ಲಿ ಹತ್ತು ನಿಮಿಷ ಓಡಿಸಿ ಎತ್ತಿಡಿ. ಕಿಟಕಿಯಲ್ಲಿ ಕೂಲರಿಗೆ ಬಿಟ್ಟ ಜಾಗವನ್ನು ಹಲಗೆಯಿಂದ ಮುಚ್ಚಿ.